ದೀಪದ ಕೋಣೆಯವಳ ಲೆಕ್ಕ

ಹೊಸ ಕೋಚ್ ಬಂದ. ನಲವತ್ತೂ ದಾಟಿಲ್ಲ, ಬಿಳೀ ಶೂಸು.
ಈ ಊರಲ್ಲಿ ಆ ಬಿಳುಪಿಗೆ ಎಷ್ಟು ಆಯುಸ್ಸು ಅಂತ
ಆಲೋಯ್ಸ್ ನನ್ನ ಕಿವಿಯಲ್ಲೇ ಬಾಜಿ ಕಟ್ಟಿದ:
ಮೂರು ವಾರ, ಒಂದು ಬಾಟಲಿ ಬಿಯರು.
ಗಣಿ ಮುಚ್ಚಿ ಹತ್ತು ವರ್ಷವಾಯಿತು,
ಸಿಲೇಸಿಯಾದ ಮಸಿ ಮಾತ್ರ ಇನ್ನೂ ರಾಜೀನಾಮೆ ಕೊಟ್ಟಿಲ್ಲ.

ಎಗೋನ್ ಹೋದದ್ದು ಮಂಗಳವಾರ.
ಒಂದು ಜಾಕೆಟ್ಟು, ಸೀಟಿ, ಕಿಟಕಿಯಲ್ಲಿದ್ದ ಜೆರೇನಿಯಂ ಕುಂಡ.
ಹನ್ನೆರಡು ವರ್ಷ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಹಿಡಿಯಿತು.
ಕಪ್ಪುಗಳೆರಡೂ ಗಾಜಿನ ಬೀರುವಿನಲ್ಲೇ ಇವೆ,
ಅವು ತನ್ನವಲ್ಲವಂತೆ, ಊರಿನವಂತೆ.

ನಾನು ಗಣಿಯ ದೀಪದ ಕೋಣೆಯವಳು.
ಮೂವತ್ತೊಂದು ವರ್ಷ ಆ ಕಿಂಡಿಯಲ್ಲಿ
ಬಿಲ್ಲೆ ತಗೊಂಡು ದೀಪ ಕೊಟ್ಟೆ,
ದೀಪ ತಗೊಂಡು ಬಿಲ್ಲೆ ಕೊಟ್ಟೆ.
ಪಾಳಿ ಮುಗಿದ ಮೇಲೆ ಗೋಡೆ ನೋಡಿದರೆ ಸಾಕು,
ಯಾರು ಮೇಲೆ ಬಂದರು, ಯಾರು ಇನ್ನೂ ಇಲ್ಲ.
ಒಂದು ಮೊಳೆ ಖಾಲಿಯಿದ್ದರೆ
ಚಹಾ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಎಣಿಸುವ ಚಟ ಹಾಗೇ ಉಳಿಯಿತು.
ಭಾನುವಾರ ಪೂರ್ವದ ಗ್ಯಾಲರಿ ಎಣಿಸುತ್ತೇನೆ.
ಹಿಲ್ಡಾ ಇದ್ದಾಳೆ, ಮೊಣಕಾಲಿಗೆ ಕಂಬಳಿ.
ರುಫಿನ್ ಇದ್ದಾನೆ, ಜೇಬಿನ ತುಂಬ ಪಾರಿವಾಳದ ಕಾಳು.
ಹದಿನಾಲ್ಕನೇ ಸೀಟು ಟೆಯೋಫಿಲನದು.
ಅದನ್ನು ಎಣಿಸುವುದಿಲ್ಲ.
ಅದರ ಮೇಲೆ ನನ್ನ ಚೀಲ ಇಡುತ್ತೇನೆ.

ಎಗೋನ್ ಬರುವ ಮೊದಲು ನಲವತ್ತು ವರ್ಷ
ಸೋಲನ್ನು ಸಂಬಳದ ಹಾಗೆ ತಗೊಂಡು ಮನೆಗೆ ಹೋದವರು ನಾವು,
ಕಡಿತ ಎಷ್ಟೆಂದು ಕೇಳದೆ.
ಆಮೇಲೆ ಆ ವರ್ಷ ಬಂತು.
ಮಾರ್ಚಿಯಲ್ಲಿ ಗಣಿಗೆ ಬೀಗದ ನೋಟೀಸು,
ಮೇ ತಿಂಗಳಲ್ಲಿ, ಎಂಬತ್ತೊಂಬತ್ತನೇ ನಿಮಿಷ,
ಐದೂವರೆ ಅಡಿಯ ಬೆರ್ಚಿಕ್ ಅಷ್ಟೆತ್ತರ ಹೇಗೆ ಹಾರಿದನೋ,
ತಲೆಯಿಂದ ಹೊಡೆದ ಗೋಲು.
ಟೆಯೋಫಿಲನಿಗೆ ಕೂಗಲು ಉಸಿರಿರಲಿಲ್ಲ,
ಪುಪ್ಪುಸದ ತುಂಬ ಕಲ್ಲಿದ್ದಲಿನ ಹುಡಿ.
ನನ್ನ ಕೈ ಹಿಡಿದು ಹಿಂಡಿದ,
ಉಂಗುರದ ಗುರುತು ಗುರುವಾರದವರೆಗೆ ಇತ್ತು.

ಗೋಡೆಯಿಂದ ದೀಪಗಳನ್ನು ಇಳಿಸಿ
ಪೆಟ್ಟಿಗೆಗೆ ತುಂಬುತ್ತಿದ್ದ ದಿನ ಎಗೋನ್ ಬಂದ,
ಕಂಕುಳಲ್ಲಿ ಕಪ್ಪು, ಯಾರಿಗೂ ಹೇಳದೆ.
ಖಾಲಿ ಮೊಳೆಯೊಂದಕ್ಕೆ ಅದರ ಹಿಡಿ ಸಿಕ್ಕಿಸಿ ಹೇಳಿದ,
'ಇದೂ ಮೇಲೆ ಬಂದಿದೆ, ಅಕ್ಕಾ. ಲೆಕ್ಕಕ್ಕೆ ಹಿಡಿ.'
ನಾನೊಂದು ಹಿತ್ತಾಳೆಯ ಬಿಲ್ಲೆ ಕೊಟ್ಟೆ. ನಂಬರು ಇನ್ನೂರ ಆರು.
ನಕ್ಕು ಜೇಬಿಗೆ ಹಾಕಿಕೊಂಡ.
ಮರೆತಿರುತ್ತಾನೆ ಅಂದುಕೊಂಡಿದ್ದೆ.

ಮೂರು ವರ್ಷದಿಂದ ಕಪ್ಪಿಲ್ಲ, ನಿಜ.
ಹೋದ ಚಳಿಗಾಲ ಮನೆ ಮೈದಾನದಲ್ಲೇ ಐದು ಗೋಲು ತಿಂದೆವು, ಅದೂ ನಿಜ.
ಹುಡುಗರು ಸಿಳ್ಳೆ ಹೊಡೆದು 'ತೊಲಗು' ಎಂದರು.
ಗೆಲುವಿನ ತೊಟ್ಟಿಲಲ್ಲೇ ಹುಟ್ಟಿದವರು, ಏನನ್ನೋಣ.
ರುಫಿನ್ ಮಾತ್ರ ತಿರುಗಿ ಒಂದೇ ಮಾತು ಅಂದ,
'ಉಂಡ ಮನೆಯ ಜಂತೆ ಎಣಿಸಬೇಡಿ.'
ಅವರಿಗೆ ಕೇಳಿಸಿತೋ ಇಲ್ಲವೋ.
ಎಗೋನನ ತಪ್ಪುಗಳು ನಮಗೂ ಗೊತ್ತು:
ಬದಲಿ ಆಟಗಾರನನ್ನು ಯಾವಾಗಲೂ ಹತ್ತು ನಿಮಿಷ ತಡವಾಗಿ ಇಳಿಸುವನು,
ದಣಿದವನಿಗೆ ನೋವಾಗಬಾರದೆಂದು.

ಮಂಗಳವಾರ ಸಂಜೆ ನನ್ನ ಬಾಗಿಲು ತಟ್ಟಿದ.
ಒಳಗೆ ಬಾ ಅಂದರೆ ಬರಲಿಲ್ಲ.
ಅಂಗೈ ಬಿಚ್ಚಿದ, ಇನ್ನೂರ ಆರು.
ಉಜ್ಜಿ ಉಜ್ಜಿ ಅಂಚು ಸವೆದಿತ್ತು.
ಪ್ರತಿ ಪಂದ್ಯದಲ್ಲೂ ಆ ಕೈ ಜೇಬಿನಲ್ಲಿ
ಏನು ಹುಡುಕುತ್ತಿತ್ತೆಂದು ಆಗ ತಿಳಿಯಿತು.
'ಪಾಳಿ ಮುಗೀತು' ಎಂದ. ನಾನು ಏನೂ ಅನ್ನಲಿಲ್ಲ.
ಚೀಲದಿಂದ ಜೆರೇನಿಯಂ ತಲೆ ಹೊರಗಿಟ್ಟಿತ್ತು.

ಈಗ ಬಿಳೀ ಶೂಸಿನವನು
ಗ್ಯಾಲರಿಯ ಮೆಟ್ಟಿಲಿಳಿದು ಮೈದಾನಕ್ಕೆ ಹೊರಟಿದ್ದಾನೆ.
ಸೋಲುತ್ತಾನೋ ಗೆಲ್ಲುತ್ತಾನೋ ನನ್ನ ಲೆಕ್ಕದಲ್ಲಿಲ್ಲ.
ಆದರೆ ಬಿಲ್ಲೆ ಇಲ್ಲದೆ
ಯಾರನ್ನೂ ಕೆಳಗೆ ಬಿಟ್ಟವಳಲ್ಲ ನಾನು.
ಎದ್ದು ನಿಂತೆ. 'ಏ ಹುಡುಗಾ!'
ಧ್ವನಿವರ್ಧಕದ ಗಲಾಟೆ, ಅವನಿಗೆ ಕೇಳಲಿಲ್ಲ.

'ಕೂತ್ಕೋ ಮಾರಾಯ್ತಿ' ಎಂದ ಆಲೋಯ್ಸ್,
'ಇನ್ನೂ ಆಟವೇ ಶುರುವಾಗಿಲ್ಲ.'